ಒಂದು ಮೂಲ, ಹಲವು ಬಾಯಿ

ಕಲ್ಲೋಳಿಯಂಥ ಊರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರರು ಪ್ರಯೋಗಶಾಲೆಗೆ ಸಾಮಾನು ಕೊಳ್ಳಲು ಹೊರಟಿದ್ದಾರೆಂದು ಭಾವಿಸಿರಿ. ಮೇಜಿನ ಮೇಲೆ ಅಂಗೈ ಅಗಲದ ಆರು ಗಣಕಗಳಿವೆ. ನಾಲ್ಕು ರಾಸ್ಪ್‌ಬೆರಿ ಪೈ ಎಂಬ ಹೆಸರಿನವು, ಎರಡು ಆರ್ಡುಯಿನೊ ಎಂಬ ಹೆಸರಿನವು. ಉಷ್ಣತೆಯನ್ನೂ ಬೆಳಕನ್ನೂ ಅಳೆಯುವ ಚಿಕ್ಕ ಚಿಕ್ಕ ಸಾಧನಗಳಿವೆ, ಒಂದೆರಡು ಪುಟ್ಟ ಮೋಟಾರುಗಳಿವೆ. ಇವೆಲ್ಲಕ್ಕೂ ಬೇಕಾದದ್ದು ಏಕಮುಖ ವಿದ್ಯುತ್ತು. ಒಂದಕ್ಕೆ 5 ವೋಲ್ಟು, ಇನ್ನೊಂದಕ್ಕೆ 12, ಮತ್ತೊಂದಕ್ಕೆ ಸೊನ್ನೆಯಿಂದ ಮೇಲೆ 15, ಕೆಳಗೆ 15. ಗೋಡೆಯ ಸಾಕೆಟ್ಟಿನಲ್ಲಿ ಸಿಗುವುದಾದರೋ 230 ವೋಲ್ಟಿನ ಪರ್ಯಾಯ ವಿದ್ಯುತ್ತು. ನಡುವೆ ಒಂದು ಪೆಟ್ಟಿಗೆ ಬೇಕು.

ಅಂಗಡಿಯಲ್ಲಿ ಅಂಥ ಪೆಟ್ಟಿಗೆಗಳು ಸಾಲುಗಟ್ಟಿ ಕುಳಿತಿವೆ. ಗೋಡೆಗೆ ಒಂದು ತಂತಿ, ಮೇಜಿಗೆ ಆರು ಬಾಯಿ. ಕೆಲವಕ್ಕೆ ಹತ್ತು ಬಾಯಿ. ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರದವರೆಗೆ. ಶಾಲೆಗೆ ಇಂಥದಕ್ಕೆ ಹಣ ಬರುವುದು ವರ್ಷಕ್ಕೊಮ್ಮೆ ಬಂದರೆ ಪುಣ್ಯ. ತಂದ ಪೆಟ್ಟಿಗೆ ಪೂರಾ ಸುಟ್ಟುಹೋದರೆ ಕೆಟ್ಟಿದೆಯೆಂದು ಎಲ್ಲರಿಗೂ ತಿಳಿಯುತ್ತದೆ. ಅರೆಬರೆ ಕೆಲಸ ಮಾಡುವ ಪೆಟ್ಟಿಗೆಯದೇ ನಿಜವಾದ ಭಯ. 28 ಡಿಗ್ರಿ ಇರುವ ಕೋಣೆಯಲ್ಲಿ ಉಪಕರಣ 30 ತೋರಿಸುತ್ತದೆ. ಪಾಪ, ಒಬ್ಬ ಹುಡುಗಿ ತನ್ನ ಲೆಕ್ಕವೇ ತಪ್ಪಿರಬೇಕೆಂದು ಹಾಳೆ ಹರಿದು ಮತ್ತೆ ಬರೆಯುತ್ತಾಳೆ. ದೋಷ ಮೇಜಿನ ಮೂಲೆಯ ಪೆಟ್ಟಿಗೆಯಲ್ಲಿದೆ. ಅದನ್ನು ಯಾರೂ ಸಂಶಯಿಸುವುದಿಲ್ಲ.

ಯಾವ ಪೆಟ್ಟಿಗೆಯನ್ನು ತರಬೇಕು? ಅಂಗಡಿಯವನನ್ನು ಕೇಳಿದರೆ ಬಾಯಿಗಳನ್ನು ಎಣಿಸಿ ತೋರಿಸುತ್ತಾನೆ. ನಾವು ಸ್ವಲ್ಪ ಬಳಸುದಾರಿಯಿಂದ ಹೋಗೋಣ. ಒಂದೇ ಮೂಲದ ಶಕ್ತಿಯನ್ನು ಹಲವರಿಗೆ ಹಂಚಬೇಕು, ಒಬ್ಬನು ಹೆಚ್ಚು ಎಳೆದರೆ ಇನ್ನೊಬ್ಬನಿಗೆ ತೊಂದರೆಯಾಗಬಾರದು ಎಂಬ ಈ ಸಮಸ್ಯೆ ಹೊಸದಲ್ಲ. ಇದಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಒಂದು ಪುಟವಂತೂ ಕಲ್ಲೋಳಿಯ ನೆರೆಯಲ್ಲಿಯೇ ಬರೆಯಲ್ಪಟ್ಟಿತು.

ರಟ್ಟರ ಅರಸು ಕಾರ್ತವೀರ್ಯನ ಕಾಲದ 1204ರ ಶಾಸನದಿಂದ ಚರಿತ್ರಕಾರರಿಗೆ ಪರಿಚಿತವಾದ ಊರು ಕಲ್ಲೋಳಿ. ಅಲ್ಲಿಂದ ಗೋಕಾಕ ಹತ್ತಿರ. ಗೋಕಾಕದ ಆಚೆಗೆ ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ಈ ಜಲಪಾತದ ಬಲವನ್ನು ನೆಚ್ಚಿ 1885ರಲ್ಲಿ ಒಂದು ಕಂಪನಿ ಹುಟ್ಟಿತು. 1887ರಲ್ಲಿ ಅದರ ನೂಲಿನ ಗಿರಣಿ ತಿರುಗತೊಡಗಿತು. ಏಷ್ಯಾ ಖಂಡದಲ್ಲಿಯೇ ಮೊದಲ ವಿದ್ಯುತ್ತು ಆ ವರ್ಷ ಇಲ್ಲಿ ಹುಟ್ಟಿತೆಂಬ ಮಾತನ್ನು ನೀವು ಎಷ್ಟೋ ಕಡೆ ಓದಿರುತ್ತೀರಿ. ನಮ್ಮ ಸೀಮೆಯ ಅಭಿಮಾನಕ್ಕೆ ಅದು ಸಹಜ. ಆದರೆ ನೀರಿನ ಬಲದಿಂದ ಗಿರಣಿ ತಿರುಗಿಸುವುದು ಒಂದು, ಅದೇ ಬಲದಿಂದ ಊರಿಗೆ ದೀಪ ಹಚ್ಚುವುದು ಇನ್ನೊಂದು. ಎರಡನೆಯದಕ್ಕೆ ಹಿಂದುಸ್ತಾನದಲ್ಲಿ ಮೊದಲ ಹೆಸರು 1897ರ ಡಾರ್ಜಿಲಿಂಗಿನ ಸಿದ್ರಾಪೋಂಗ್ ಕೇಂದ್ರದ್ದು. ಗೋಕಾಕದ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ಒಂದು ಧಾರೆಯ ಬಲವನ್ನು ಗಿರಣಿ ತುಂಬ ಹಂಚುವ ಪಾಠ ನಮ್ಮವರು ಕಲಿತದ್ದು ಅಲ್ಲಿ.

ಆ ಕಾಲದ ಗಿರಣಿಗಳಲ್ಲಿ ಹಂಚಿಕೆ ಹೇಗಿರುತ್ತಿತ್ತು? ಮೂಲಯಂತ್ರ ಒಂದು ಉದ್ದವಾದ ಉಕ್ಕಿನ ದಂಡವನ್ನು ತಿರುಗಿಸುವುದು. ಆ ದಂಡದ ಮೇಲೆ ಸಾಲಾಗಿ ಗಾಲಿಗಳು. ಒಂದೊಂದು ಗಾಲಿಯಿಂದ ಒಂದೊಂದು ಪಟ್ಟೆ ಇಳಿದು ಒಂದೊಂದು ಯಂತ್ರಕ್ಕೆ ಹೋಗುವುದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಹಲವು ಬಾಯಿಯ ಪೆಟ್ಟಿಗೆ! ಹತ್ತು ಯಂತ್ರಗಳು ತಿರುಗುತ್ತಿರುವಾಗ ಹನ್ನೊಂದನೆಯದಕ್ಕೆ ಪಟ್ಟೆ ಹಾಕಿದರೆ ದಂಡಕ್ಕೆ ಒಂದು ಜಗ್ಗು ಬೀಳುತ್ತಿತ್ತು. ದಂಡದ ವೇಗ ಕುಂದಿದರೆ ಹತ್ತೂ ಯಂತ್ರಗಳಿಗೆ ಅದು ತಟ್ಟುವುದು, ನೂಲು ಏರುಪೇರಾಗುವುದು. ಇದಕ್ಕಾಗಿಯೇ ಯಂತ್ರಗಳಿಗೆ 'ಗವರ್ನರ್' ಎಂಬ ವೇಗರಕ್ಷಕವನ್ನು ಜೋಡಿಸುತ್ತಿದ್ದರು. ವೇಗ ಕುಂದಿದೊಡನೆ ಅದು ನೀರಿನ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ, ಹೆಚ್ಚಿದೊಡನೆ ಮುಚ್ಚುತ್ತದೆ. ಈ ವೇಗರಕ್ಷಕನನ್ನು ಮರೆಯಬೇಡಿರಿ. ಮುಂದೆ ಇವನೇ ವೇಷ ಬದಲಿಸಿ ಬರುತ್ತಾನೆ.

ಗಿರಣಿಯ ಮಾತಾಯಿತು. ಪ್ರಯೋಗಶಾಲೆಗೆ ವಿದ್ಯುತ್ತು ಬಂದದ್ದು ಜಲಪಾತದಿಂದಲ್ಲ, ಗಾಜಿನ ಜಾಡಿಯಿಂದ. 1800ರಲ್ಲಿ ಇಟಲಿಯ ವೋಲ್ಟಾ ಸತು ಮತ್ತು ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆಯಿಟ್ಟು ಗೋಪುರದಂತೆ ಪೇರಿಸಿದ. ಜಗತ್ತಿಗೆ ಮೊದಲ ಬಾರಿ ಎಡೆಬಿಡದೆ ಹರಿಯುವ ವಿದ್ಯುತ್ತು ಸಿಕ್ಕಿತು. ಎಡೆಬಿಡದೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ; ಬಿಲ್ಲೆಗಳ ಮೇಲೆ ಜಲಜನಕದ ಗುಳ್ಳೆಗಳು ಕೂತು ಸ್ವಲ್ಪ ಹೊತ್ತಿನಲ್ಲಿಯೇ ಪ್ರವಾಹ ಸೊರಗುತ್ತಿತ್ತು. ಬೆಳಿಗ್ಗೆ ಮಾಡಿದ ಪ್ರಯೋಗ ಮಧ್ಯಾಹ್ನಕ್ಕೆ ತಾಳೆ ಬೀಳುತ್ತಿರಲಿಲ್ಲ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಎರಡು ದ್ರಾವಣಗಳ ಕೋಶವನ್ನು ಕಟ್ಟಿ ಗುಳ್ಳೆಯ ಕಾಟವನ್ನು ತಪ್ಪಿಸಿದ. ಅದರ ವೋಲ್ಟು ಸುಮಾರು 1.1 ಮಾತ್ರ, ಆದರೆ ಗಂಟೆಗಟ್ಟಲೆ ಅಷ್ಟೇ ಇರುತ್ತಿತ್ತು. ವಿದ್ವಾಂಸರು ಅದನ್ನು ಮೆಚ್ಚಿದ್ದು ಬಲಕ್ಕಾಗಿ ಅಲ್ಲ, ನಿಲುವಿಗಾಗಿ.

ಆಮೇಲೆ 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಸೀಸದ ಫಲಕಗಳ ಸಂಚಯ ಕೋಶವನ್ನು ಮಾಡಿದ. ಇಂದಿಗೂ ಮೋಟಾರುಗಾಡಿಗಳಲ್ಲಿ ಕುಳಿತಿರುವ ಬ್ಯಾಟರಿ ಇದರ ಮೊಮ್ಮಗನೇ. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಒಂದು ಕೋಣೆ ಇವುಗಳಿಗೇ ಮೀಸಲು. ಒಂದೊಂದು ಕೋಶ 2 ವೋಲ್ಟು. ಆರನ್ನು ಸರಪಳಿಯಂತೆ ಜೋಡಿಸಿದರೆ 12. ನಡುನಡುವೆ ತಂತಿ ಎಳೆದರೆ 2, 4, 6, 8 ಹೀಗೆ ಬೇಕಾದಷ್ಟು ಸಿಗುತ್ತದೆ. ಒಂದೇ ಬ್ಯಾಟರಿ, ಹಲವು ಬಾಯಿ! ಎಷ್ಟು ಸುಲಭ ಎನ್ನಿಸಿತು. ಆದರೆ ಎಲ್ಲರೂ 4 ವೋಲ್ಟಿನ ಬಾಯಿಗೇ ಮುಗಿಬಿದ್ದರೆ ಮೊದಲ ಎರಡು ಕೋಶಗಳು ಬರಿದಾಗುತ್ತವೆ, ಉಳಿದ ನಾಲ್ಕು ತುಂಬಿಕೊಂಡೇ ಇರುತ್ತವೆ. ಮತ್ತೆ ಆರಕ್ಕೂ ಒಟ್ಟಿಗೆ ವಿದ್ಯುತ್ತು ತುಂಬಹೋದರೆ ನಾಲ್ಕು ಕುದಿಯುತ್ತವೆ, ಎರಡು ಅರೆಹೊಟ್ಟೆಯಲ್ಲಿ ಉಳಿಯುತ್ತವೆ. ಬ್ಯಾಟರಿ ಬೇಗನೆ ಹಾಳು. ಒಂದೇ ಸರಪಳಿಯಿಂದ ಹಲವು ಬಾಯಿಗಳನ್ನು ಸೀಳಿಕೊಂಡರೆ ಬಾಯಿಗಳು ಒಂದಕ್ಕೊಂದು ಸ್ವತಂತ್ರವಲ್ಲ ಎಂಬುದು ಇಲ್ಲಿ ಸ್ಪಷ್ಟವಾಗಿ ಕಂಡಿತು.

ಇದೇ ಕಾಲದಲ್ಲಿ ಇನ್ನೊಂದು ಬುದ್ಧಿವಂತಿಕೆಯ ಕೆಲಸ ನಡೆಯಿತು. ಶಕ್ತಿ ಕೊಡುವ ಕೋಶವೇ ಬೇರೆ, ಅಳತೆಗೆ ಇಟ್ಟ ಕೋಶವೇ ಬೇರೆ ಎಂದು ವಿಭಾಗಿಸಿದರು. 1893ರ ವೆಸ್ಟನ್ ಕೋಶದ ವೋಲ್ಟು 1.018ರ ಆಸುಪಾಸಿನಲ್ಲಿ ಕದಲದೆ ನಿಲ್ಲುವುದು. 1911ರಿಂದ ಬಹುಕಾಲ ಅದೇ ಜಗತ್ತಿನ ಅಳತೆಗೋಲು. ಅದರಿಂದ ದೀಪ ಹಚ್ಚಲು ಹೋದರೆ ಅದು ಕೆಡುತ್ತದೆ. ಮನೆಯಲ್ಲಿ ಅಳೆಯುವ ಸೇರು ಬೇರೆ, ನೀರು ಹೊರುವ ಕೊಡ ಬೇರೆ ಇರುವ ಹಾಗೆ. ಇಂದಿನ ಅಗ್ಗದ ಉಪಕರಣಗಳಲ್ಲಿ ಈ ಭೇದ ಮತ್ತೆ ಅಳಿಸಿಹೋಗಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ದಕ್ಷಿಣಕ್ಕೆ, ಕಾವೇರಿಯ ದಡಕ್ಕೆ ಬನ್ನಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಚನೆಗೊಂಡ ಶಿವನಸಮುದ್ರದ ಕೇಂದ್ರ 1902ರ ಜೂನ್ 30ರಂದು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳಿಸಿತು. ಅಷ್ಟು ಉದ್ದದ ಲೈನು ಆಗ ಜಗತ್ತಿನಲ್ಲಿಯೇ ವಿರಳ. ಸುಮಾರು 35 ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ದರಿಂದಲೇ ದಾರಿಯಲ್ಲಿ ಸೋರಿಹೋಗದೆ ಅದು ಗಣಿ ಮುಟ್ಟಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. 1911ರಲ್ಲಿ ಟಾಟಾ ವಿಜ್ಞಾನ ಮಂದಿರದಲ್ಲಿ ಪಾಠ ಆರಂಭವಾದಾಗ ವಿದ್ಯುತ್ ತಂತ್ರವೂ ಮೊದಲ ವಿಭಾಗಗಳಲ್ಲಿ ಒಂದು. ಪ್ರಯೋಗಶಾಲೆಯ ಪಕ್ಕದಲ್ಲಿಯೇ ಧಾರಾಳವಾಗಿ ವಿದ್ಯುತ್ತಿತ್ತು, ನಿಜ. ಆದರೆ ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಸಲ ಹಿಂದುಮುಂದಾಗುವ ಪರ್ಯಾಯ ಪ್ರವಾಹ. ಗಣಿಯ ದೊಡ್ಡ ಮೋಟಾರಿಗೆ ಅದು ಸರಿ. ಸೂಕ್ಷ್ಮ ಮಾಪಕಕ್ಕೆ, ಬ್ಯಾಟರಿ ತುಂಬುವುದಕ್ಕೆ, ತಾಮ್ರದ ಲೇಪಕ್ಕೆ ಅದು ಒದಗದು. ಹೀಗಾಗಿ ದೊಡ್ಡ ನದಿ ಮನೆ ಬಾಗಿಲಿಗೆ ಬಂದರೂ ಕುಡಿಯುವ ನೀರನ್ನು ಸೋಸಿಕೊಳ್ಳುವ ಕೆಲಸ ಉಳಿಯಿತು. ಪರ್ಯಾಯ ವಿದ್ಯುತ್ತಿನಿಂದ ಒಂದು ಮೋಟಾರನ್ನು ತಿರುಗಿಸಿ, ಅದರಿಂದ ಏಕಮುಖ ವಿದ್ಯುತ್ತಿನ ಡೈನಮೊ ತಿರುಗಿಸುವುದೇ ಆಗಿನ ಮಾರ್ಗ. ಗದ್ದಲದ ಮಾರ್ಗ, ದುಬಾರಿಯೂ ಹೌದು.

ಸೋಸುವ ಕೆಲಸವನ್ನು ಸದ್ದಿಲ್ಲದೆ ಮಾಡಿ ತೋರಿಸಿದ್ದು, ಪ್ರಿಯ ಓದುಗರೇ, ನಿಮ್ಮ ಮನೆಯ ರೇಡಿಯೋ.

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದರು. 1950ರ ಜನವರಿಯಲ್ಲಿ ಧಾರವಾಡದ ಕೇಂದ್ರ ಬಂತು. ಗೋಕಾಕ ಸೀಮೆಯ ಕಿವಿಗೆ ಕನ್ನಡ ಹತ್ತಿರವಾಯಿತು. ಆಗ ಹಳ್ಳಿಗಳಲ್ಲಿ ವಿದ್ಯುತ್ತು ಎಲ್ಲಿತ್ತು? ಬ್ಯಾಟರಿ ರೇಡಿಯೋಗಳೇ ಗತಿ. ಇಟ್ಟಿಗೆಯಷ್ಟು ದಪ್ಪನಾದ ಆ ಬ್ಯಾಟರಿಯನ್ನು ನಿಮ್ಮ ಮನೆಯ ಹಿರಿಯರು ನೆನಪಿಟ್ಟಿರಬಹುದು. ಅದರೊಳಗೆ ಎರಡು ಬ್ಯಾಟರಿಗಳಿರುತ್ತಿದ್ದವು: ವಾಲ್ವಿನ ಎಳೆಯನ್ನು ಕಾಯಿಸಲು ಒಂದೂವರೆ ವೋಲ್ಟಿನದೊಂದು, ವಾಲ್ವಿನ ತಟ್ಟೆಗೆ ಬಲ ಕೊಡಲು 90 ವೋಲ್ಟಿನದೊಂದು. ತಪ್ಪಿ 90ರ ತಂತಿಯನ್ನು ಎಳೆಗೆ ಜೋಡಿಸಿದರೆ ವಾಲ್ವುಗಳೆಲ್ಲ ಒಂದೇ ಕ್ಷಣದಲ್ಲಿ ಮುಗಿದವು. ಇದಕ್ಕೆಂದೇ ಪ್ಲಗ್ಗಿನ ತೂತುಗಳನ್ನು ತಪ್ಪಾಗಿ ಸೇರದಂತೆ ಮಾಡಿರುತ್ತಿದ್ದರು. ಒಂದೇ ಆಕಾರದ ಬಾಯಿಗಳಲ್ಲಿ ಬೇರೆ ಬೇರೆ ವೋಲ್ಟು ಬರುವ ಪೆಟ್ಟಿಗೆಗಳನ್ನು ಇಂದೂ ಮಾರುತ್ತಾರೆ. ಮಕ್ಕಳು ಕೈಯಾಡಿಸುವ ಮೇಜಿಗೆ ಅಂಥದನ್ನು ತರಲೇಬಾರದು.

ವಿದ್ಯುತ್ತು ಬಂದ ಊರುಗಳಲ್ಲಿ ಬ್ಯಾಟರಿಯ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಬಂತು. ಹಳೆಯ ವಾಲ್ವು ರೇಡಿಯೋದ ಹಿಂಬದಿಯ ರಟ್ಟನ್ನು ತೆಗೆದು ನೋಡಿದವರಿಗೆ ಕಬ್ಬಿಣದ ಆ ಭಾರವಾದ ಗಟ್ಟಿ ಗೊತ್ತು. ಗೋಡೆಯಿಂದ ಬರುವುದು ಒಂದು ಸುರುಳಿ, ಒಳಕ್ಕೆ ಹೋಗುವುದು ಮೂರು: ವಾಲ್ವುಗಳನ್ನು ಕಾಯಿಸುವ 6.3 ವೋಲ್ಟಿನದು, ಏಕಮುಖಗೊಳಿಸುವ ವಾಲ್ವಿಗಾಗಿ 5 ವೋಲ್ಟಿನದು, ಮತ್ತು 250 ವೋಲ್ಟಿನಷ್ಟು ಎತ್ತರದ್ದೊಂದು ಜೋಡಿ. ಎರಡು ಕಾಯಿಸುವ ಸುರುಳಿಗಳೇಕೆ, ಒಂದೇ ಸಾಲದೆ ಎಂದು ಕೇಳಬಹುದು. ಏಕಮುಖಗೊಳಿಸುವ ವಾಲ್ವಿನ ಎಳೆ ತಾನೇ 250 ವೋಲ್ಟಿನಷ್ಟು ಎತ್ತರದಲ್ಲಿ ಕುಳಿತಿರುತ್ತದೆ. ಉಳಿದ ವಾಲ್ವುಗಳು ನೆಲಮಟ್ಟದಲ್ಲಿರುತ್ತವೆ. ಎರಡನ್ನೂ ಒಂದೇ ಸುರುಳಿಗೆ ಕಟ್ಟಿದರೆ ಅಟ್ಟವನ್ನೂ ನೆಲಮಾಳಿಗೆಯನ್ನೂ ತಂತಿಯಿಂದ ಬಿಗಿದಂತೆ. ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ, ಕಬ್ಬಿಣದ ಮೂಲಕ ಕಾಂತಶಕ್ತಿ ಮಾತ್ರ ದಾಟುತ್ತದೆ. ಹಿಂದಿನ ಬ್ಯಾಟರಿ ಕೋಣೆಯಲ್ಲಿ ಸಿಗದೆ ಹೋದ ಸ್ವಾತಂತ್ರ್ಯ ಇಲ್ಲಿ ಸಿಕ್ಕಿತು. ಹಲವು ಬಾಯಿಯ ಪೆಟ್ಟಿಗೆಯನ್ನು ಹುಡುಕುವ ಮಾಸ್ತರರು ಕೇಳಬೇಕಾದ ಒಂದು ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ: ಈ ಬಾಯಿಗಳು ಒಳಗೆ ಬೇರೆ ಬೇರೆಯೋ, ಇಲ್ಲ ಒಂದೇ ಮನೆಯ ಹಲವು ಬಾಗಿಲುಗಳೋ?

ರೇಡಿಯೋ ಇನ್ನೊಂದನ್ನೂ ಕಲಿಸಿತು. ಹಳೆಯದಾದಂತೆ ಅದು ಗುಂಯ್ ಎನ್ನಲು ತೊಡಗುತ್ತದೆ. ಏಕಮುಖವಾದ ಮೇಲೂ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಏಳುವ ಅಲೆ ಇರುತ್ತದೆ. ಅದನ್ನು ಕೆಪಾಸಿಟರೆಂಬ ಹೌದು ತುಂಬಿಕೊಂಡು ಸಮಮಾಡುತ್ತದೆ. ವರ್ಷಗಳು ಕಳೆದಂತೆ ಕೆಪಾಸಿಟರು ಒಣಗುತ್ತದೆ, ಅಲೆ ಕಿವಿಗೆ ಬೀಳುತ್ತದೆ. ಸಂಜೆ ಊರಲ್ಲೆಲ್ಲ ದೀಪ ಹತ್ತಿ ವೋಲ್ಟು ಇಳಿದರೆ ದನಿಯೂ ಇಳಿಯುವುದು. ರೇಡಿಯೋದಲ್ಲಿ ಇದು ಸಹ್ಯ. ಪ್ರಯೋಗದಲ್ಲಿ ಸಹ್ಯವಲ್ಲ, ಅಲ್ಲಿ ವೇಗರಕ್ಷಕ ಬೇಕು.

ಗಿರಣಿಯಲ್ಲಿ ಬಿಟ್ಟುಬಂದಿದ್ದೆವಲ್ಲ, ಅವನು ಮತ್ತೆ ಬಂದ. 1930ರ ದಶಕದಲ್ಲಿ ವಾಲ್ವುಗಳಿಂದಲೇ ವೋಲ್ಟನ್ನು ಕಾಯುವ ಮಂಡಲಗಳನ್ನು ಕಟ್ಟಿದರು. ಉಪಾಯ ಹೀಗೆ: ಕದಲದ ಒಂದು ವೋಲ್ಟನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು, ಹೊರಗೆ ಹೋಗುವ ವೋಲ್ಟಿನ ಅಂಶವನ್ನು ಅದಕ್ಕೆ ಹೋಲಿಸುವುದು, ವ್ಯತ್ಯಾಸ ಕಂಡೊಡನೆ ದಾರಿಯಲ್ಲಿ ಕುಳಿತ ವಾಲ್ವನ್ನು ತೆರೆಯುವುದು ಅಥವಾ ಬಿಗಿಯುವುದು. ಕಾಲುವೆಯ ತೂಬಿನ ಬಳಿ ನೀರಗಂಟಿ ಕೋಲು ನೆಟ್ಟು ಮಟ್ಟ ನೋಡುತ್ತ ಹಲಗೆ ಏರಿಳಿಸಿದಂತೆ. ಆದರೆ ಈ ನೀರಗಂಟಿಗೆ ನಿದ್ದೆಯಿಲ್ಲ. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಇವನು ಚಿಕ್ಕವನಾದ. ನಮ್ಮಲ್ಲಿಯೂ, 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಮೊದಲಲ್ಲಿ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತು. 1960ರ ದಶಕದ ಕೊನೆಗೆ ಇಡೀ ನೀರಗಂಟಿಯೇ ಕಡಲೆಬೇಳೆಯಷ್ಟು ಸಿಲಿಕಾನ್ ಚೂರಿನಲ್ಲಿ ಅಡಗಿದ. ಪ್ರಯೋಗಶಾಲೆಗಳ ಮೇಜಿನ ಮೇಲೆ ಎರಡು ಮೂರು ಬಾಯಿಯ ಪವರ್ ಸಪ್ಲೈಗಳು ಸಾಮಾನ್ಯವಾದದ್ದು ಇದರಿಂದಲೇ: ಸೊನ್ನೆಯಿಂದ 30 ವೋಲ್ಟಿನವರೆಗೆ ತಿರುಗಿಸುವ ಗುಂಡಿಯ ಎರಡು, ಸ್ಥಿರವಾದ 5 ವೋಲ್ಟಿನದೊಂದು. ವೋಲ್ಟಿಗೆ ಒಂದು ಗುಂಡಿಯಿದ್ದಂತೆ ಪ್ರವಾಹದ ಮಿತಿಗೂ ಒಂದು ಗುಂಡಿ. ಹುಡುಗನು ತಂತಿಯನ್ನು ತಿರುಗುಮುರುಗು ಜೋಡಿಸಿದರೂ ಮಿತಿ ದಾಟಿ ಪ್ರವಾಹ ಹರಿಯದು. ಬೆರಳಿನಷ್ಟು ಹೊಗೆಯೂ ಏಳದೆ ಪಾಠ ಮುಂದುವರಿಯುತ್ತದೆ. ನನ್ನನ್ನು ಕೇಳಿದರೆ ಶಾಲೆಯ ಮೇಜಿಗೆ ಈ ಒಂದು ಗುಂಡಿ ಹತ್ತು ಬಾಯಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಈ ಪೆಟ್ಟಿಗೆಗೆ ಒಂದು ದುಂದಿನ ಗುಣವಿತ್ತು. ಒಳಗೆ 12 ವೋಲ್ಟಿದ್ದು ಹೊರಗೆ 5 ಬೇಕಾದರೆ ಮಿಕ್ಕ 7ನ್ನು ಅದು ಶಾಖವಾಗಿ ಸುಡುತ್ತದೆ. 2 ಆಂಪಿಯರ್ ಎಳೆದರೆ ಉಪಯೋಗಕ್ಕೆ 10 ವ್ಯಾಟು, ಬಿಸಿಗೆ 14 ವ್ಯಾಟು. ಇದನ್ನು ತಪ್ಪಿಸಲು 1970ರ ದಶಕದಲ್ಲಿ ಸ್ವಿಚ್ಚಿಂಗ್ ರೀತಿ ಬಳಕೆಗೆ ಹರಡಿತು. ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ, ಬೇಕಾದಷ್ಟು ತುಣುಕುಗಳನ್ನು ಮಾತ್ರ ಒಳಬಿಟ್ಟು, ಮತ್ತೆ ಸಮಮಾಡುವ ರೀತಿ ಅದು. ಟ್ರಾನ್ಸ್‌ಫಾರ್ಮರು ತೆಂಗಿನಕಾಯಿಯಿಂದ ಅಡಿಕೆಯ ಗಾತ್ರಕ್ಕೆ ಇಳಿಯಿತು, ಶಾಖ ಕಡಿಮೆಯಾಯಿತು, ಬೆಲೆಯೂ ಇಳಿಯಿತು. ಇಂದು ನಿಮ್ಮ ಜೇಬಿನ ಟೆಲಿಫೋನಿಗೆ ವಿದ್ಯುತ್ತು ತುಂಬುವ ಪುಟ್ಟ ಡಬ್ಬಿ ಇದೇ ಜಾತಿಯದು. 1996ರಲ್ಲಿ ಯು.ಎಸ್.ಬಿ. ಎಂಬ 5 ವೋಲ್ಟಿನ ಸರ್ವಸಾಮಾನ್ಯ ಬಾಯಿ ಬಂದ ಮೇಲೆ ಲೋಕದ ಸಣ್ಣ ಉಪಕರಣಗಳೆಲ್ಲ ಅದಕ್ಕೇ ಬಾಯೊಡ್ಡಿದವು. 2005ರ ಆರ್ಡುಯಿನೊ, 2012ರ ರಾಸ್ಪ್‌ಬೆರಿ ಪೈ ಕೂಡ ಅದರ ಹಾದಿಯವೇ. ನಮ್ಮ ದೇಶದಲ್ಲಿ 2016ರಿಂದ ಶಾಲೆಗಳಿಗೆ ಬರುತ್ತಿರುವ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳಲ್ಲಿ ಇಂಥ ಫಲಕಗಳೇ ಹೆಚ್ಚು. ಹೀಗೆ, ಟೆಲಿಫೋನಿಗಾಗಿ ಹುಟ್ಟಿದ ಆರು ಬಾಯಿಯ ಪೆಟ್ಟಿಗೆ ಪ್ರಯೋಗಶಾಲೆಯ ಮೇಜನ್ನೇರಿತು.

ಟೆಲಿಫೋನಿಗೂ ಪ್ರಯೋಗಕ್ಕೂ ಇರುವ ಅಂತರ ಇಲ್ಲಿಯೇ ಗಮನಿಸಬೇಕು. ಟೆಲಿಫೋನಿನ ಹೊಟ್ಟೆಯಲ್ಲಿ ತನ್ನದೇ ಬ್ಯಾಟರಿಯಿದೆ. ಹೊರಗಿನ ವಿದ್ಯುತ್ತು ಎರಡು ಸೆಕೆಂಡು ನಿಂತರೆ ಅದಕ್ಕೆ ತಿಳಿಯುವುದೂ ಇಲ್ಲ. ಇದನ್ನು ನಂಬಿಕೊಂಡು ಹೊಸ ರೀತಿಯ ಹಲವು ಪೆಟ್ಟಿಗೆಗಳು ಒಂದು ಕೆಲಸ ಮಾಡುತ್ತವೆ. ಹೊಸ ಉಪಕರಣವೊಂದು ಸೇರಿದೊಡನೆ ಎಲ್ಲ ಬಾಯಿಗಳನ್ನೂ ಒಂದು ಗಳಿಗೆ ಮುಚ್ಚಿ, ಯಾರಿಗೆ ಎಷ್ಟೆಂದು ಹೊಸದಾಗಿ ಪಾಲು ಹಾಕಿ, ಮತ್ತೆ ತೆರೆಯುತ್ತವೆ. ಪಂಕ್ತಿಗೆ ಒಬ್ಬರು ತಡವಾಗಿ ಬಂದರೆಂದು ಕುಳಿತವರ ಎಲೆಗಳನ್ನೆಲ್ಲ ಎತ್ತಿ ಮತ್ತೆ ಹಾಕಿದಂತೆ! ಮೂರು ದಿನದಿಂದ ಮಣ್ಣಿನ ತೇವವನ್ನು ಬರೆದುಕೊಳ್ಳುತ್ತಿದ್ದ ಗಣಕ, ಯಾರೋ ತಮ್ಮ ಟೆಲಿಫೋನನ್ನು ಸಿಕ್ಕಿಸಿದ್ದರಿಂದ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಮೊದಲಿನಿಂದ ಶುರುಮಾಡುತ್ತದೆ. ಕಾರಣ ಹುಡುಕುವವರು ಗಣಕವನ್ನು ಬಿಚ್ಚುತ್ತಾರೆ, ಕಾರ್ಯಕ್ರಮವನ್ನು ತಿದ್ದುತ್ತಾರೆ, ಪೆಟ್ಟಿಗೆಯನ್ನು ಮಾತ್ರ ಬಿಡುತ್ತಾರೆ.

ಎರಡನೆಯ ಮೋಸ ಅಂಕಿಯದು. ನಮ್ಮ ಮಾಸ್ತರರ ಮೇಜಿನ ಲೆಕ್ಕ ಹಾಕೋಣ. ರಾಸ್ಪ್‌ಬೆರಿ ಪೈನ ನಾಲ್ಕನೆಯ ಪೀಳಿಗೆಗೆ ತಯಾರಕರು ಹೇಳುವುದು 5 ವೋಲ್ಟಿನಲ್ಲಿ 3 ಆಂಪಿಯರ್, ಅಂದರೆ 15 ವ್ಯಾಟು. ನಾಲ್ಕಕ್ಕೆ 60. ಎರಡು ಆರ್ಡುಯಿನೊಗಳಿಗೆ ಅರ್ಧರ್ಧ ಆಂಪಿಯರಿನಂತೆ 5. ಒಟ್ಟು 65. ಬೇಸಿಗೆಯ ಕಾವು, ಪೆಟ್ಟಿಗೆಯ ಮುಪ್ಪು ಇವುಗಳಿಗೆಂದು ಕಾಲುಭಾಗ ಕೂಡಿಸಿದರೆ 80 ವ್ಯಾಟಿಗೆ ಮೇಲೆ. ಅಂಗಡಿಯ ಪೆಟ್ಟಿಗೆಯ ಮೇಲೆ ಪ್ರತಿ ಬಾಯಿಗೂ '3 ಆಂಪಿಯರ್' ಎಂದು ದಪ್ಪಕ್ಷರದಲ್ಲಿದೆ. ಅಡಿಯಲ್ಲಿ ಇರುವೆಯ ಕಾಲಿನಂಥ ಅಕ್ಷರದಲ್ಲಿ ಒಟ್ಟು 60 ವ್ಯಾಟು ಎಂದಿದೆ. ಎರಡೂ ಸುಳ್ಳಲ್ಲ. ಯಾವ ಬಾಯಿಯಾದರೂ 3 ಆಂಪಿಯರ್ ಕೊಡಬಲ್ಲದು, ಎಲ್ಲವೂ ಒಮ್ಮೆಗೇ ಕೊಡಲಾರವು. ಓದಬೇಕಾದದ್ದು ಕೆಳಗಿನ ಸಾಲು.

ಮೂರನೆಯದು ತಂತಿಯ ಮಾತು, ಇದನ್ನು ಘಟಪ್ರಭೆಯ ಕಾಲುವೆಯ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ತೂಬಿನ ಬಳಿಯ ಹೊಲಕ್ಕೂ ಕಾಲುವೆಯ ಬಾಲದ ಹೊಲಕ್ಕೂ ಸಿಗುವ ನೀರು ಒಂದೇ ಆಗಿರುವುದಿಲ್ಲ. ಪೆಟ್ಟಿಗೆಯ ಬಾಯಲ್ಲಿ 5.1 ವೋಲ್ಟಿದೆ ಎನ್ನಿ. ತಂತಿ ತೆಳುವಾಗಿ, ಉದ್ದವಾಗಿ, ಹೋಗಿಬರುವ ದಾರಿಗೆ ಕಾಲು ಓಮ್ ತಡೆಯಿದ್ದರೆ, 2 ಆಂಪಿಯರಿಗೆ ಅರ್ಧ ವೋಲ್ಟು ದಾರಿಯಲ್ಲೇ ಕಳೆಯಿತು. ಗಣಕಕ್ಕೆ ಸಿಕ್ಕಿದ್ದು 4.6. ರಾಸ್ಪ್‌ಬೆರಿ ಪೈ ಸುಮಾರು 4.63ಕ್ಕೆ ಇಳಿದಾಗಲೇ 'ವೋಲ್ಟು ಸಾಲದು' ಎಂಬ ಮಿಂಚಿನ ಗುರುತನ್ನು ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ಒಳ್ಳೆಯ ಪೆಟ್ಟಿಗೆಗೆ ಕೊಟ್ಟ ಹಣ ತೆಳು ತಂತಿಯಲ್ಲಿ ಹೋಯಿತು.

ಮೊದಲು ಹೇಳಿದ 28 ಡಿಗ್ರಿ 30 ಆದ ಕಥೆಯ ಗುಟ್ಟೂ ಇಲ್ಲಿದೆ. ಆರ್ಡುಯಿನೊದಂಥ ಫಲಕ ಬೇರೆ ಏನನ್ನೂ ಹೇಳದಿದ್ದರೆ ತನಗೆ ಬಂದ 5 ವೋಲ್ಟನ್ನೇ ಅಳತೆಗೋಲಾಗಿ ಹಿಡಿದು ಅಳೆಯುತ್ತದೆ. ನೆರೆಯ ಗಣಕಗಳ ಭಾರಕ್ಕೆ ಪೆಟ್ಟಿಗೆ ಬಾಗಿ 4.6 ಕೊಟ್ಟರೆ ಅಳತೆಗೋಲೇ ಕುಗ್ಗಿತು. ಕುಗ್ಗಿದ ಗೋಲಿನಿಂದ ಅಳೆದ ಹೊಲ ಹಿಗ್ಗಿ ಕಾಣುವುದು ಸಹಜ. 28ನ್ನು 5ರಿಂದ ಗುಣಿಸಿ 4.6ರಿಂದ ಭಾಗಿಸಿ ನೋಡಿರಿ, 30ಕ್ಕೂ ತುಸು ಹೆಚ್ಚು ಬರುತ್ತದೆ. ವೆಸ್ಟನ್ನನ ಕಾಲದವರು ಸೇರನ್ನೂ ಕೊಡವನ್ನೂ ಬೇರೆ ಇಟ್ಟದ್ದು ಸುಮ್ಮನೆ ಅಲ್ಲ. ಫಲಕದೊಳಗೆ ಒಂದು ಸ್ವತಂತ್ರ ಅಳತೆಗೋಲೂ ಇರುತ್ತದೆ. ಅದನ್ನು ಬಳಸೆಂದು ಕಾರ್ಯಕ್ರಮದಲ್ಲಿ ಒಂದು ಸಾಲು ಬರೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಎಚ್ಚರ. ಯು.ಎಸ್.ಬಿ. ಬಾಯಿಗಳಿಗೆಲ್ಲ ಸಾಮಾನ್ಯವಾಗಿ ಋಣದ ತಂತಿ ಒಂದೇ. ಎರಡು ಬಾಯಿಗಳನ್ನು ಸರಪಳಿಯಂತೆ ಸೇರಿಸಿ 10 ವೋಲ್ಟು ಮಾಡಹೋದರೆ ಒಂದು ಬಾಯಿ ನೇರವಾಗಿ ತನ್ನ ನೆಲಕ್ಕೇ ಮುಟ್ಟಿ ಸುಡುವ ಪ್ರಸಂಗ. ಮೇಲೆ 15, ಕೆಳಗೆ 15 ಬೇಕೆನ್ನುವ ಉಪಕರಣಕ್ಕೆ ಹಳೆಯ ರೇಡಿಯೋದ ಸುರುಳಿಗಳಂತೆ ಒಳಗೇ ಬೇರ್ಪಟ್ಟ ಬಾಯಿಗಳ ಪೆಟ್ಟಿಗೆಯೇ ಆಗಬೇಕು. ಆದ್ದರಿಂದ ಮಾಸ್ತರರಿಗೆ ನನ್ನ ಸಲಹೆ: ಒಂದು ದೊಡ್ಡ ಪೆಟ್ಟಿಗೆಯಿಂದ ಎಲ್ಲವನ್ನೂ ಸಾಕುವ ಆಸೆ ಬಿಡಿರಿ. ಗಣಕಗಳಿಗೆ ಪ್ರತಿ ಬಾಯಿಗೂ ನಿಶ್ಚಿತ ಪಾಲುಳ್ಳ, ಪಾಲು ಬದಲಿಸದ ಪೆಟ್ಟಿಗೆ ಒಂದು, ಅಥವಾ ಅರ್ಧರ್ಧ ಹಂಚಿ ಎರಡು. ಅಳತೆಯ ಕೆಲಸಕ್ಕೆ ಪ್ರವಾಹ ಮಿತಿಯ ಗುಂಡಿಯುಳ್ಳ ಮೂರು ಬಾಯಿಯ ಪ್ರಯೋಗಶಾಲೆಯ ಪೆಟ್ಟಿಗೆ ಇನ್ನೊಂದು. ಟೆಲಿಫೋನುಗಳಿಗೆ ಬೇರೆ ಗೋಡೆ. ಪ್ಲಗ್ಗು ಮೂರು ಪಿನ್ನಿನದಾಗಿರಲಿ, ಸಾಕೆಟ್ಟಿನ ಅರ್ಥಿಂಗ್ ಸರಿಯಾಗಿರಲಿ. ಅಡಾಪ್ಟರುಗಳಿಗೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿ ಕಡ್ಡಾಯವೆಂಬ ಆದೇಶ 2012ರದು. ಆ ಗುರುತೂ ನೋಂದಣಿಯ ಸಂಖ್ಯೆಯೂ ಪೆಟ್ಟಿಗೆಯ ಮೇಲೆ ಇಲ್ಲದಿದ್ದರೆ ಬೆಲೆ ಕೇಳುವ ಮುಂಚೆಯೇ ಕೆಳಗಿಡಬಹುದು.

ತಂದ ಮೇಲೆ ಪರೀಕ್ಷೆ. 5 ಓಮಿನ, 10 ವ್ಯಾಟಿನ ಒಂದು ರೆಸಿಸ್ಟರು ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತದೆ; 5 ವೋಲ್ಟಿನ ಬಾಯಿಗೆ ಕಟ್ಟಿದರೆ 1 ಆಂಪಿಯರ್ ಎಳೆಯುತ್ತದೆ. ಮೂರನ್ನು ಜೊತೆಜೊತೆಯಾಗಿ ಕಟ್ಟಿದರೆ 3 ಆಂಪಿಯರ್. ಹೀಗೆ ಎಲ್ಲ ಬಾಯಿಗಳಿಗೂ ಭಾರ ಹೇರಿ, ತಂತಿಯ ಆ ತುದಿಯಲ್ಲಿ ವೋಲ್ಟನ್ನು ಅಳೆದು, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ರೆಸಿಸ್ಟರು ಸುಡುವಷ್ಟು ಬಿಸಿಯಾಗುತ್ತದೆ, ಮುಟ್ಟಬಾರದು, ಹಂಚಿನ ಮೇಲಿಡಿರಿ. ಒಂದು ಬಾಯಿಯ ಭಾರವನ್ನು ತಟ್ಟನೆ ಕಿತ್ತು, ತಟ್ಟನೆ ಸೇರಿಸಿ, ನೆರೆಯ ಬಾಯಿಯ ಮೇಲೆ ಕಣ್ಣಿಡಿರಿ.

ಕೊನೆಯ ಪರೀಕ್ಷೆಗೆ ನಿಮ್ಮ ಮನೆಯ ಟ್ರಾನ್ಸಿಸ್ಟರನ್ನೇ ಮಾಸ್ತರರಿಗೆ ಒಂದು ಸಂಜೆ ಕೊಡಿರಿ. ಸ್ವಿಚ್ಚಿಂಗ್ ಪೆಟ್ಟಿಗೆ ವಿದ್ಯುತ್ತನ್ನು ಕತ್ತರಿಸುವಾಗ ಹಾರುವ ಚೂರುಗಳು ಮೀಡಿಯಂ ವೇವಿನ ಮೇಲೆ ಬೀಳುತ್ತವೆ. ಒಳಗೆ ಸೋಸುವ ಭಾಗಗಳನ್ನು ಉಳಿಸಿ ಅಗ್ಗ ಮಾಡಿದ ಪೆಟ್ಟಿಗೆಯಾದರೆ ರೇಡಿಯೋ ಕರಕರ ಎನ್ನುತ್ತದೆ. ಎರಡು ಸ್ಟೇಷನ್ನುಗಳ ನಡುವಿನ ಖಾಲಿ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಪೆಟ್ಟಿಗೆಗೆ ಪೂರ್ಣ ಭಾರ ಹೇರಿ, ರೇಡಿಯೋವನ್ನು ಪಕ್ಕದಿಂದ ಮೆಲ್ಲಗೆ ದೂರ ಸರಿಸುತ್ತ ಹೋಗಿರಿ. ಕರಕರ ಒಂದು ಮೊಳದಲ್ಲಿ ನಿಂತರೆ ಪೆಟ್ಟಿಗೆಯನ್ನು ಇಟ್ಟುಕೊಳ್ಳಬಹುದು. ಕೋಣೆಯ ಬಾಗಿಲವರೆಗೂ ಬಂದರೆ ಅದರ ಪಕ್ಕದಲ್ಲಿ ಸೂಕ್ಷ್ಮ ಮಾಪಕವನ್ನು ಇಡುವಂತಿಲ್ಲ. ರಸೀತಿಯೊಡನೆ ಮರುದಿನವೇ ಅಂಗಡಿಗೆ ಹಿಂತಿರುಗಿಸಿ ಬರುವುದು.